ಹದಿನಾರಕ್ಕೆ ತಾಯಿಯಾದವಳ ಮುಂದಿನ ಬಾಳು

ಹದಿಹರೆಯದಲ್ಲಿ ತಾಯಿಯಾದ ಹೆಣ್ಣುಮಕ್ಕಳ ವಿಚಾರ ಪತ್ರಿಕೆಗಳಲ್ಲಿ, ಇಲಾಖೆಗಳ ವರದಿಗಳಲ್ಲಿ, ವಿಧಾನಮಂಡಲದ ಪ್ರಶ್ನೋತ್ತರಗಳಲ್ಲಿ ಆಗಾಗ ಬರುತ್ತದೆಯಾದರೂ ಆ ಚರ್ಚೆ ಬಹುಪಾಲು ಹೆರಿಗೆಯ ಹೊತ್ತಿಗೆ ಮುಗಿದುಹೋಗುತ್ತದೆ. ರಕ್ತಹೀನತೆ, ಏರಿದ ರಕ್ತದೊತ್ತಡ, ತೂಕ ಸಾಲದ ಕೂಸು, ಅರ್ಧಕ್ಕೆ ನಿಂತ ಓದು, ಠಾಣೆಯಲ್ಲಿ ದಾಖಲಾದ ಪ್ರಕರಣ, ಇಷ್ಟನ್ನು ಹೇಳಿ ಮುಗಿಸುವ ಬರವಣಿಗೆಗೆ ಆ ಹುಡುಗಿ ಇಪ್ಪತ್ತೈದರಲ್ಲಿ, ಮೂವತ್ತೈದರಲ್ಲಿ ಯಾರೊಡನೆ ಹೇಗೆ ಬದುಕುತ್ತಾಳೆ ಎಂಬ ಪ್ರಶ್ನೆ ಹೊಳೆಯುವುದೇ ಅಪರೂಪ. ಗಂಡನೊಡನೆ, ತವರಿನೊಡನೆ, ತನಗಿಂತ ಹದಿನಾರೇ ವರ್ಷ ಚಿಕ್ಕದಾದ ಮಗುವಿನೊಡನೆ, ಗಂಡ ಬಿಟ್ಟಿದ್ದರೆ ಇಲ್ಲವೇ ತೀರಿಕೊಂಡಿದ್ದರೆ ಮತ್ತೊಬ್ಬ ಸಂಗಾತಿಯೊಡನೆ ಅವಳ ಸಂಬಂಧ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ತಿಳಿಯಲು ಬೆಂಗಳೂರಿನ ಉತ್ತರ ಭಾಗ, ಅಂದರೆ ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರದ ಸುತ್ತಲಿನ ಪ್ರದೇಶ ತಕ್ಕ ಜಾಗ. ಏಕೆಂದರೆ ಹಳ್ಳಿಯಲ್ಲಿ ನಡೆದ ಎಳೆಯ ಮದುವೆಗಳು ಗುಳೆಯ ಜೊತೆಗೆ ಇಲ್ಲಿಗೆ ಬಂದು ಸೇರುತ್ತವೆ, ನಗರದಲ್ಲೇ ಬೆಳೆದ ಹುಡುಗಿಯರ ಎಳೆಯ ತಾಯ್ತನವೂ ಅದರ ಪಕ್ಕದಲ್ಲೇ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹದಿಹರೆಯವೆಂದರೆ 10ರಿಂದ 19ರವರೆಗಿನ ವಯಸ್ಸು. ಭಾರತದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 15ರಿಂದ 19ರ ನಡುವಿನ ಹೆಣ್ಣುಮಕ್ಕಳಲ್ಲಿ ಆಗಲೇ ಹೆತ್ತವರನ್ನೂ ಬಸುರಿಯಾಗಿರುವವರನ್ನೂ ಸೇರಿಸಿ ಎಣಿಸುತ್ತದೆ. 2015–16ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಶೇ 7.8ರಷ್ಟಿದ್ದ ಈ ಪ್ರಮಾಣ 2019–21ರ ಸಮೀಕ್ಷೆಯಲ್ಲಿ ಶೇ 5.4ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ, 20ರಿಂದ 24ರ ವಯಸ್ಸಿನ ಮಹಿಳೆಯರ ಪೈಕಿ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿದ್ದವರ ಪ್ರಮಾಣ ಮಾತ್ರ ಶೇ 21.4ರಿಂದ ಶೇ 21.3ಕ್ಕೆ ಬಂದು ನಿಂತಿತು, ಅಂದರೆ ಅಲ್ಲಾಡಲೇ ಇಲ್ಲ. ಐವರಲ್ಲಿ ಒಬ್ಬಳು ಎಂಬ ಈ ಪಾಲು ಇಂದಿನ ಮೂವತ್ತರ ಆಸುಪಾಸಿನ ಹೆಂಗಸರ ಬದುಕಿನೊಳಗೆ ಹಾಗೆಯೇ ಮುಂದುವರಿಯುತ್ತಿದೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದ ಮೇಲ್ಸೇತುವೆಯಿಂದ ಯಲಹಂಕದ ಆಚೆಯವರೆಗೂ ಕಟ್ಟಡದ ಕೆಲಸ ಹಬ್ಬಿತು. ಆ ಕೆಲಸಕ್ಕೆಂದು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳೂ, ಆಂಧ್ರ, ತೆಲಂಗಾಣ ಮತ್ತು ಉತ್ತರದ ರಾಜ್ಯಗಳ ಕುಟುಂಬಗಳೂ ಜಕ್ಕೂರು, ಥಣಿಸಂದ್ರ, ಹೆಗಡೆ ನಗರದ ಸುತ್ತಿನ ಖಾಲಿ ಸೈಟುಗಳಲ್ಲಿ ತಗಡಿನ ಶೆಡ್ಡುಗಳನ್ನೂ ನೀಲಿ ಟಾರ್ಪಾಲಿನ ಗುಡಿಸಲುಗಳನ್ನೂ ಹಾಕಿಕೊಂಡವು. ಇಂಥ ಶೆಡ್ಡು ಸಾಮಾನ್ಯವಾಗಿ ಒಂದೇ ಕೋಣೆ. ಒಳಗೆ ಚಿಲಕವಿದ್ದರೂ ತಗಡಿನ ಬಾಗಿಲು ಭದ್ರವಲ್ಲ, ಬಚ್ಚಲು ಹೊರಗೆ, ನೀರು ಟ್ಯಾಂಕರಿನದು. ಬೆಳಗ್ಗೆ ಎಂಟಕ್ಕೆ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೊರಟರೆ ಮೈನೆರೆದ ಮಗಳು ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಂಡು ದಿನವಿಡೀ ಅಲ್ಲೇ ಇರಬೇಕು. ಅವಳನ್ನು ಹೀಗೆ ಒಂಟಿಯಾಗಿ ಬಿಟ್ಟು ಹೋಗುವ ಭಯವೇ ಅನೇಕ ಮದುವೆಗಳಿಗೆ ಮೊದಲ ಕಾರಣ. ಬಡತನ, ವರದಕ್ಷಿಣೆ, ಸಂಪ್ರದಾಯ ಎಂದು ಪಟ್ಟಿ ಮಾಡುವವರು ಈ ತಗಡಿನ ಬಾಗಿಲನ್ನು ಪಟ್ಟಿಗೆ ಸೇರಿಸುವುದನ್ನು ಮರೆಯುತ್ತಾರೆ. ಯಶವಂತಪುರ, ಪೀಣ್ಯದ ಗಾರ್ಮೆಂಟ್ಸ್ ಕೆಲಸಗಾರರ ವಠಾರಗಳಲ್ಲಿ, ಆರ್.ಟಿ. ನಗರದ ಹಿಂಬದಿಯ ಕಾವಲ್ ಭೈರಸಂದ್ರ, ಗಂಗಾನಗರದ ಕಡೆಯ ಇಕ್ಕಟ್ಟಿನ ಓಣಿಗಳಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಅಲ್ಲಿ ಹುಡುಗಿ ಹತ್ತನೆಯ ತರಗತಿ ಮುಗಿಸಿಯೋ ಬಿಟ್ಟೋ ತಾನೇ ಮೆಚ್ಚಿದ ಹುಡುಗನೊಡನೆ ಹೊರಟುಹೋಗುವುದು ಹೆಚ್ಚು, ಅಂಥವಳಿಗೆ ಓಡಿಹೋದವಳು ಎಂಬ ಹೆಸರು ಬದುಕಿಡೀ ಅಂಟಿಕೊಳ್ಳುತ್ತದೆ.

ಈ ವಿಷಯ ಎತ್ತಿದಾಗಲೆಲ್ಲ ಹಿರಿಯರು ಹೇಳುವ ಮಾತೊಂದಿದೆ: ಅಜ್ಜಿಯರೆಲ್ಲ ಹದಿನೈದಕ್ಕೇ ಹೆತ್ತು ಹತ್ತು ಮಕ್ಕಳನ್ನು ಸಾಕಲಿಲ್ಲವೇ? ಇದನ್ನು ತಳ್ಳಿಹಾಕಬೇಕಿಲ್ಲ, ಉತ್ತರಿಸಬೇಕು. ಮೈಸೂರು ಸಂಸ್ಥಾನದಲ್ಲಿ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ ಬಂದ ಶಿಶುವಿವಾಹ ತಡೆ ಕಾಯಿದೆ ಎಂಟು ವರ್ಷದೊಳಗಿನ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ಮಾತ್ರ ಅಪರಾಧವೆಂದಿತು. ಆ ಕಾಲಕ್ಕೆ ಅದೇ ದೊಡ್ಡ ಹೆಜ್ಜೆ. ಬ್ರಿಟಿಷ್ ಭಾರತದಲ್ಲಿ 1929ರ ಶಾರದಾ ಕಾಯಿದೆ ಹೆಣ್ಣಿನ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ನಿಲ್ಲಿಸಿತು, 1949ರಲ್ಲಿ ಅದು ಹದಿನೈದಾಯಿತು, 1978ರಲ್ಲಿ ಹದಿನೆಂಟಾಯಿತು. ಹೀಗೆ ಅಜ್ಜಿಯರ ಕಾಲದಲ್ಲಿ ಹದಿನಾರರ ತಾಯಿ ತನ್ನ ಓರಗೆಯವರಿಂದ ಬೇರೆಯಾಗಿರಲಿಲ್ಲ, ಅವಳ ವಯಸ್ಸಿನವರೆಲ್ಲ ಕಂಕುಳಲ್ಲಿ ಕೂಸು ಹೊತ್ತವರೇ ಆಗಿದ್ದರು, ಬಾಣಂತನಕ್ಕೆ ತುಂಬಿದ ಮನೆಯಿತ್ತು. ಆ ಅಜ್ಜಿಯರು ಸುಖವಾಗಿದ್ದರೇ ಎಂದು ಆಗ ಯಾರೂ ಕೇಳಿರಲಿಲ್ಲ ಎಂಬುದೂ ನಿಜ. ಇಂದಿನ ಹದಿನಾರರ ತಾಯಿಯ ಗೆಳತಿಯರು ಯಲಹಂಕದ ಪಿಯು ಕಾಲೇಜಿಗೆ ಬಸ್ ಹತ್ತುತ್ತಿರುತ್ತಾರೆ. ಅವಳೊಬ್ಬಳೇ ಹಿಂದೆ ಉಳಿಯುತ್ತಾಳೆ, ಹಾಗೆ ಉಳಿದವಳಿಗೆ ಗೆಳೆತನವೆಂಬ ಸಂಬಂಧವೇ ಮೊದಲು ಕಳಚಿಹೋಗುತ್ತದೆ.

ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ 1950ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮನುಷ್ಯ ಹದಿಹರೆಯದಲ್ಲಿ ತಾನು ಯಾರು, ತನಗೇನು ಬೇಕು ಎಂಬುದನ್ನು ಕಂಡುಕೊಳ್ಳುತ್ತಾನೆ, ಇದಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಅಸ್ಮಿತೆಯ ಹುಡುಕಾಟ ಎನ್ನಬಹುದು. ಅದು ಒಂದು ಹದಕ್ಕೆ ಬಂದ ಮೇಲೆ, ಇಪ್ಪತ್ತರ ನಂತರ, ಇನ್ನೊಬ್ಬರೊಡನೆ ಆಪ್ತವಾಗಿ ಬೆರೆಯುವ ಘಟ್ಟ ಬರುತ್ತದೆ. ಈ ಘಟ್ಟಗಳು ಎಲ್ಲ ಸಮಾಜಗಳಲ್ಲೂ ಒಂದೇ ಕ್ರಮದಲ್ಲಿ ಬರುತ್ತವೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆಯಾದರೂ, ಹದಿನಾರಕ್ಕೆ ತಾಯಿಯಾದವಳ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗುವುದು ಕಣ್ಣಿಗೆ ಕಾಣುವಂಥದ್ದು. ಅವಳು ತನಗೇನು ಬೇಕೆಂದು ತಿಳಿಯುವ ಮೊದಲೇ ಹೆಂಡತಿ, ಸೊಸೆ, ತಾಯಿ ಎಂಬ ಮೂರು ಪಾತ್ರಗಳನ್ನು ಒಟ್ಟಿಗೆ ಹೊರುತ್ತಾಳೆ, ತನಗೇನು ಬೇಕೆಂಬ ಪ್ರಶ್ನೆ ಅವಳಲ್ಲಿ ಏಳುವ ಹೊತ್ತಿಗೆ ಇಪ್ಪತ್ತೈದೋ ಇಪ್ಪತ್ತಾರೋ ಆಗಿರುತ್ತದೆ. ಎಳೆಯ ವಯಸ್ಸಿನ ಮದುವೆಗಳಲ್ಲಿ ಬಿರುಕು ಮೊದಲ ವರ್ಷಕ್ಕಿಂತ ಹೆಚ್ಚಾಗಿ ತಡವಾಗಿ, ಹೆಂಡತಿ ಮಾತಾಡಲು ಕಲಿತ ಮೇಲೆ ಕಾಣಿಸಿಕೊಳ್ಳುವುದಕ್ಕೆ ಇದೊಂದು ಕಾರಣವಿರಬೇಕು. ಮೊದಮೊದಲು ಹೇಳಿದಂತೆ ಕೇಳಿಕೊಂಡಿದ್ದವಳು ಈಗ ಎದುರು ಮಾತಾಡುತ್ತಾಳೆ ಎಂದು ಗಂಡನ ಮನೆಯವರು ದೂರುವಾಗ, ಅವಳು ಮದುವೆಯಾದ ಮೇಲೆ ದೊಡ್ಡವಳಾಗಿದ್ದಾಳೆ ಎಂಬುದನ್ನೇ ಅವರು ಬೇರೆ ಮಾತಿನಲ್ಲಿ ಹೇಳುತ್ತಿರುತ್ತಾರೆ.

ಗಂಡನ ಮನೆಯಲ್ಲಿ

ಕರ್ನಾಟಕದ ಎಳೆಯ ಮದುವೆಗಳಿಗೆ ಉತ್ತರ ಭಾರತದಲ್ಲಿ ಅಷ್ಟಾಗಿ ಇಲ್ಲದ ಒಂದು ಗುಣವಿದೆ: ಅನೇಕ ಸಮುದಾಯಗಳಲ್ಲಿ ಹುಡುಗಿಯನ್ನು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುತ್ತಾರೆ. ಗೊತ್ತಿರುವ ಮನೆ, ಮಗಳು ಸುಖವಾಗಿರುತ್ತಾಳೆ ಎಂಬ ಭರವಸೆಯಿಂದಲೇ ಹೀಗೆ ಮಾಡುವುದು, ಕೆಲವೊಮ್ಮೆ ಆ ಭರವಸೆ ನಿಜವೂ ಆಗುತ್ತದೆ, ಅತ್ತೆಯಾದವಳು ಅಜ್ಜಿಯೇ ಆಗಿದ್ದರೆ ಬಸುರಿ ಹುಡುಗಿಗೆ ಬಿಸಿನೀರು ಕಾಯಿಸಿ ಕೊಡುವ ಕೈ ಇರುತ್ತದೆ. ಆದರೆ ಮದುವೆ ಕೆಟ್ಟರೆ ಕೆಡುವುದು ಅದೊಂದೇ ಆಗಿರುವುದಿಲ್ಲ. ಸೋದರಮಾವನನ್ನು ಬಿಟ್ಟು ಬಂದ ಹುಡುಗಿ ತನ್ನ ತಾಯಿಗೂ ತಾಯಿಯ ತಮ್ಮನಿಗೂ ಮಧ್ಯೆ ಗೋಡೆ ಎಬ್ಬಿಸಿದವಳಾಗುತ್ತಾಳೆ. ತಾಯಿಗೆ ತನ್ನ ತವರಿನ ಹಾದಿ ಮುಚ್ಚಿಹೋಗುತ್ತದೆ. ಆದ್ದರಿಂದಲೇ ಹೊಂದಿಕೊಂಡು ಹೋಗು ಎಂಬ ಒತ್ತಾಯ ಬೇರೆಯವರಿಗಿಂತ ಹೆತ್ತ ತಾಯಿಯಿಂದಲೇ ಬಲವಾಗಿ ಬರುತ್ತದೆ.

ಗಂಡ ಐದಾರರಿಂದ ಹತ್ತು ವರ್ಷ ದೊಡ್ಡವನು, ಕೈಯಲ್ಲಿ ಕೂಲಿಯ ದುಡ್ಡು ಇರುವವನು, ಬೆಂಗಳೂರಿನ ಬಸ್ಸು ರಸ್ತೆ ಬಲ್ಲವನು. ಹುಡುಗಿಗೆ ಇವೊಂದೂ ಇಲ್ಲ. ಇಂಥ ಅಸಮಾನತೆ ಹೊಡೆತಕ್ಕೆ ದಾರಿ ಮಾಡುತ್ತದೆ ಎಂಬುದಕ್ಕೆ ಅಂಕಿ ಅಂಶಗಳ ಆಧಾರವಿದೆ. 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49ರ ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದರು. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 20.6 ಇತ್ತು. ಈ ಏರಿಕೆಯಲ್ಲಿ ಹಿಂಸೆ ಎಷ್ಟು ಹೆಚ್ಚಿತು, ಹಿಂಸೆಯನ್ನು ಹೇಳಿಕೊಳ್ಳುವ ಧೈರ್ಯ ಎಷ್ಟು ಹೆಚ್ಚಿತು ಎಂದು ಬಿಡಿಸಿ ನೋಡುವುದು ಸುಲಭವಲ್ಲ. 2005–06ರ ಸಮೀಕ್ಷೆಯ ಅಂಕಿಗಳನ್ನು ಆಧರಿಸಿ ಅನಿತಾ ರಾಜ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವಂತೂ, ಹದಿನೆಂಟಕ್ಕೆ ಮೊದಲು ಮದುವೆಯಾದ ಭಾರತೀಯ ಯುವತಿಯರು ಗಂಡನ ಹಿಂಸೆಗೆ ಗುರಿಯಾಗುವ ಸಂಭವ ಹೆಚ್ಚೆಂದು ತೋರಿಸಿತು.

ಅದೇ ಸಂಶೋಧಕರ ತಂಡ 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಕರ್ನಾಟಕದ ಮಟ್ಟಿಗೆ ಇನ್ನೂ ಮುಖ್ಯವಾದುದು. ಎಳೆಯ ವಯಸ್ಸಿನಲ್ಲಿ ಮದುವೆಯಾದವರು ಮೊದಲ ಮಗುವಿಗೆ ಮುಂಚೆ ಯಾವ ಗರ್ಭನಿರೋಧಕವನ್ನೂ ಬಳಸದಿರುವುದು, ಎರಡು ವರ್ಷದೊಳಗೇ ಮತ್ತೆ ಹೆರುವುದು, ಬಳಿಕ ಇಪ್ಪತ್ತನಾಲ್ಕು ತುಂಬುವುದರೊಳಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು, ಈ ಮೂರೂ ಹೆಚ್ಚೆಂದು ಅದು ಕಂಡುಕೊಂಡಿತು. 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಂಸಾರಸ್ಥ ಮಹಿಳೆಯರ ಪೈಕಿ ಶೇ 57.4ರಷ್ಟು ಮಂದಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಶಸ್ತ್ರಚಿಕಿತ್ಸೆ ಸೊನ್ನೆಗೆ ಸಮೀಪವಿತ್ತು. ಸರ್ಕಾರದ ನಿಯಮ ಇಪ್ಪತ್ತೆರಡು ದಾಟಿದವರಿಗಷ್ಟೇ ಇದಕ್ಕೆ ಅವಕಾಶ ಕೊಡುತ್ತದೆ. ಹದಿನಾರಕ್ಕೆ ಒಂದು, ಹದಿನೆಂಟಕ್ಕೆ ಇನ್ನೊಂದು ಹೆತ್ತು, ಇಪ್ಪತ್ತೆರಡೋ ಇಪ್ಪತ್ಮೂರೋ ಆಗುತ್ತಲೇ ಆಪರೇಷನ್ ಮಾಡಿಸಿಕೊಂಡು ಬಂದ ಹೆಂಗಸಿನ ಹೆರುವ ಬದುಕು, ಕಾಲೇಜು ಓದಿದ ಅವಳ ಓರಗೆಯವಳ ಮದುವೆಗೂ ಮೊದಲೇ ಮುಗಿದಿರುತ್ತದೆ. ಈ ಆಪರೇಷನ್ನು ಮುಂದೆ ಅವಳ ಎರಡನೆಯ ಸಂಬಂಧದ ಮೇಲೆ ಬೀರುವ ಪರಿಣಾಮವನ್ನು ಆಸ್ಪತ್ರೆಯಲ್ಲಿ ಆ ದಿನ ಯಾರೂ ಎಣಿಸಿರುವುದಿಲ್ಲ.

ತಾಯಿ ಕಾರ್ಡು ಮತ್ತು ಠಾಣೆ

ಬಸುರಿಯಾದವಳು ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಮೊದಲು ಸಿಗುವುದು ತಾಯಿ ಕಾರ್ಡು. ಅದರಲ್ಲಿ ಹೆಸರು, ಗಂಡನ ಹೆಸರು, ಕೊನೆಯ ಮುಟ್ಟಿನ ದಿನ, ರಕ್ತದ ಗುಂಪು, ಹಿಮೋಗ್ಲೋಬಿನ್ ಇವುಗಳ ಜೊತೆ ವಯಸ್ಸಿನದೊಂದು ಕಲಮು. ಗುಳೆ ಬಂದ ಅನೇಕರ ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1 ಎಂದೇ ಇರುತ್ತದೆ, ಏಕೆಂದರೆ ನೋಂದಣಿಯ ದಿನ ಅಪ್ಪ ಹೇಳಿದ್ದು ಅಂದಾಜಿನ ವರ್ಷ ಮಾತ್ರ. ಕಲಮಿನಲ್ಲಿ 17 ಎಂದು ಬರೆದರೆ ಕಾನೂನಿನ ಒಂದು ಸರಣಿಯೇ ಶುರುವಾಗುತ್ತದೆ. 2012ರ ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳ ಸಂರಕ್ಷಣಾ ಕಾಯಿದೆಯ ಪ್ರಕಾರ ಹದಿನೆಂಟರೊಳಗಿನವರೊಡನೆ ಲೈಂಗಿಕ ಸಂಪರ್ಕ ಅಪರಾಧ, ಗೊತ್ತಾದವರು ಪೊಲೀಸರಿಗೆ ತಿಳಿಸದಿರುವುದೂ ಅಪರಾಧ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು, ಹದಿನೆಂಟರೊಳಗಿನವಳು ಹೆಂಡತಿಯೇ ಆಗಿದ್ದರೂ ಅದು ಅತ್ಯಾಚಾರವೆಂದು ತೀರ್ಪಿತ್ತಿತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ತಿದ್ದುಪಡಿ ತಂದ ಕರ್ನಾಟಕವನ್ನು ಆ ತೀರ್ಪು ಹೆಸರಿಸಿ ಮೆಚ್ಚಿಕೊಂಡಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ಕೊಟ್ಟ ವರದಿ ಈ ದಿಸೆಯಲ್ಲಿ ಮೊದಲ ಮೆಟ್ಟಿಲಾಗಿತ್ತು.

ಕಾನೂನಿನ ಉದ್ದೇಶ ಹುಡುಗಿಯ ರಕ್ಷಣೆ, ಅದರ ಅಗತ್ಯದ ಬಗ್ಗೆ ಎರಡು ಮಾತಿಲ್ಲ. ಹಾಗಿದ್ದೂ ಅದು ಸಂಬಂಧಗಳ ಮೇಲೆ ಬೀರುವ ಪರಿಣಾಮ ಒಂದೇ ಬಗೆಯದಲ್ಲ. ಬಲಾತ್ಕಾರಕ್ಕೆ ಸಿಕ್ಕ ಹುಡುಗಿಗೆ ಪ್ರಕರಣ ದಾಖಲಾಗುವುದೇ ಬಿಡುಗಡೆಯ ಬಾಗಿಲು. ಮೆಚ್ಚಿದವನೊಡನೆ ಹೋಗಿ ಬಸುರಿಯಾದವಳಿಗೆ ಹಾಗಲ್ಲ: ಹುಡುಗ ಜೈಲಿಗೆ, ಅವಳು ಬಾಲಮಂದಿರಕ್ಕೆ, ಹುಟ್ಟಿದ ಮಗು ಇಬ್ಬರ ಮಧ್ಯೆ. ಹದಿನೆಂಟು ತುಂಬಿ ಹೊರಬಂದವಳು ಮತ್ತೆ ಅವನನ್ನೇ ಸೇರಿದರೂ, ನಿನ್ನಿಂದಲೇ ನಾನು ಜೈಲು ಕಂಡೆ ಎಂಬ ಮಾತು ಆ ಸಂಸಾರದ ಪ್ರತಿ ಜಗಳದಲ್ಲೂ ಬರುತ್ತದೆ. ದೂರು ಕೊಟ್ಟ ತಂದೆಯನ್ನು ಅವಳು ಕ್ಷಮಿಸುವುದು ಕಷ್ಟ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016ರಿಂದ 2020ರವರೆಗಿನ 7,064 ಪೋಕ್ಸೊ ತೀರ್ಪುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಸುಮಾರು ಕಾಲುಭಾಗ ಪ್ರೇಮದ ಪ್ರಕರಣಗಳೆಂದು ಕಂಡುಕೊಂಡಿತು. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಸಮ್ಮತಿಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗವನ್ನು ಕೋರಿತು. ಆಯೋಗ 2023ರ ಸೆಪ್ಟೆಂಬರಿನ ತನ್ನ 283ನೆಯ ವರದಿಯಲ್ಲಿ ವಯಸ್ಸನ್ನು ಇಳಿಸುವುದು ಬೇಡವೆಂದೂ, ಹದಿನಾರರಿಂದ ಹದಿನೆಂಟರ ನಡುವಿನ ಇಂಥ ಪ್ರಕರಣಗಳಲ್ಲಿ ಶಿಕ್ಷೆಯ ಪ್ರಮಾಣವನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬೇಕೆಂದೂ ಹೇಳಿತು. ಈ ನಡುವೆ, ಭಯಬಿದ್ದ ಕುಟುಂಬಗಳು ಕಲಮಿನಲ್ಲಿ 19 ಎಂದು ಬರೆಸುತ್ತವೆ ಇಲ್ಲವೇ ಆಸ್ಪತ್ರೆಗೇ ಹೋಗದೆ ಉಳಿಯುತ್ತವೆ. ಹೀಗೆ ಸುಳ್ಳು ವಯಸ್ಸಿನೊಂದಿಗೆ ಶುರುವಾದ ದಾಖಲೆ ಮುಂದೆ ಜೀವನಾಂಶ ಕೇಳಲು ಹೋದಾಗ ಅವಳಿಗೇ ಎದುರು ಸಾಕ್ಷಿಯಾಗಿ ನಿಲ್ಲುವ ಅಪಾಯವಿದೆ.

ತವರು

ಹದಿಹರೆಯದ ತಾಯಿಯ ಮುಂದಿನ ಸಂಬಂಧಗಳಲ್ಲಿ ಅತ್ಯಂತ ನಿರ್ಣಾಯಕವಾದುದು ಗಂಡನೊಡನೆಯ ಸಂಬಂಧವೆಂದು ಭಾವಿಸುವುದು ಸಹಜವಾದರೂ, ವಾಸ್ತವದಲ್ಲಿ ಅವಳ ತಾಯಿಯೊಡನೆಯ ಸಂಬಂಧವೇ ಹೆಚ್ಚು ನಿರ್ಣಾಯಕ. ಅವಳಿಗೆ ಹದಿನಾರಾದರೆ ಅವಳ ತಾಯಿಗೆ ಮೂವತ್ತೈದರ ಸುಮಾರು, ದುಡಿಯುವ ವಯಸ್ಸು. ಮೊಮ್ಮಗುವನ್ನು ನೋಡಿಕೊಳ್ಳಲು ಅಜ್ಜಿ ಮನೆಯಲ್ಲಿ ಕೂತರೆ ಕೂಲಿ ಹೋಗುತ್ತದೆ, ಕೂರದಿದ್ದರೆ ಮಗಳು ದುಡಿಯಲಾರಳು. ಅನೇಕ ಮನೆಗಳಲ್ಲಿ ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಮಗುವನ್ನು ಅಜ್ಜಿಯೇ ತನ್ನದೆಂಬಂತೆ ಬೆಳೆಸುವುದು. ಮಗು ಅಜ್ಜಿಯನ್ನು ಅಮ್ಮ ಎಂದೂ ಹೆತ್ತವಳನ್ನು ಅಕ್ಕ ಎಂದೂ ಕರೆಯುತ್ತ ಬೆಳೆಯುತ್ತದೆ, ಹೆತ್ತವಳು ಯಶವಂತಪುರದ ಕಡೆ ಗಾರ್ಮೆಂಟ್ಸ್‌ಗೆ ಹೋಗಿ ತಿಂಗಳ ಸಂಬಳ ತಂದು ಅಮ್ಮನ ಕೈಗಿಡುತ್ತಾಳೆ. ಈ ಏರ್ಪಾಡು ಮಗುವನ್ನು ಉಳಿಸುತ್ತದೆ, ಹುಡುಗಿಯನ್ನೂ ಉಳಿಸುತ್ತದೆ, ಇದನ್ನು ಹಗುರವಾಗಿ ಕಾಣುವುದು ಅನ್ಯಾಯ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮಗುವಿಗೆ ಏನು ಉಣಿಸಬೇಕು, ಯಾವ ಶಾಲೆಗೆ ಹಾಕಬೇಕು, ಹೊಡೆಯಬೇಕೇ ಬೇಡವೇ ಎಂಬ ಪ್ರತಿ ನಿರ್ಧಾರದಲ್ಲೂ ಅಜ್ಜಿಯ ಮಾತು ಮೇಲಾಗಿ, ಹೆತ್ತವಳು ತನ್ನ ಮಗುವಿಗೇ ಹೊರಗಿನವಳಂತಾಗುತ್ತಾಳೆ. ಇಪ್ಪತ್ತೈದಕ್ಕೆ ಅವಳು ಬೇರೆ ಮನೆ ಮಾಡಿ ಮಗುವನ್ನು ಕರೆದೊಯ್ಯಲು ಹೊರಟಾಗ ಮಗು ಬರಲೊಲ್ಲದು, ಅಜ್ಜಿ ಬಿಡಲೊಲ್ಲಳು, ಇಷ್ಟು ದಿನ ಸಾಕಿದವರು ಯಾರು ಎಂಬ ಪ್ರಶ್ನೆಗೆ ಅವಳ ಬಳಿ ಉತ್ತರವಿರುವುದಿಲ್ಲ. ಅಣ್ಣ ತಮ್ಮಂದಿರು ಮದುವೆಯಾಗಿ ಅತ್ತಿಗೆ ನಾದಿನಿಯರು ಬಂದ ಮೇಲಂತೂ ತವರಿನಲ್ಲಿ ಅವಳ ಜಾಗ ವರ್ಷ ವರ್ಷಕ್ಕೂ ಕುಗ್ಗುತ್ತದೆ. ಕಾಗದಪತ್ರಗಳೂ ಇದಕ್ಕೆ ತಕ್ಕಂತೆಯೇ ಇವೆ: 2023ರಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಮನೆಯ ಯಜಮಾನಿ ಎಂದಿರುವವಳಿಗೆ ಸಿಗುತ್ತದೆ, ತವರಿನಲ್ಲಿದ್ದರೆ ಆ ಹೆಸರು ತಾಯಿಯದು, ಗಂಡನ ಮನೆಯಲ್ಲಿದ್ದರೆ ಅತ್ತೆಯದು.

ಬಿಟ್ಟು ಬಂದ ಮೇಲೆ

2011ರ ಜನಗಣತಿಯ ಪ್ರಕಾರ ಭಾರತದಲ್ಲಿ ವಿಚ್ಛೇದನ ಪಡೆದವರಿಗಿಂತ, ವಿಚ್ಛೇದನವಿಲ್ಲದೆ ಬೇರೆ ಬದುಕುತ್ತಿರುವವರು ಸುಮಾರು ಮೂರು ಪಟ್ಟು. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ ಗಂಡನಿಂದ ದೂರವಾದ ಹೆಂಗಸರಲ್ಲಿ ಹೆಚ್ಚಿನವರು ಇರುವುದು ಈ ನಡುವಿನ ಸ್ಥಿತಿಯಲ್ಲೇ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. ಯಲಹಂಕದಾಚೆಯ ಶೆಡ್ಡಿನಿಂದ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆ, ಅದೂ ಒಂದೇ ಸಲಕ್ಕೆ ಮುಗಿಯುವಂಥದ್ದಲ್ಲ. ಬಾಲ್ಯವಿವಾಹ ಅಸಿಂಧುವೆಂದ ಮೇಲೆ ವಿಚ್ಛೇದನವೇ ಬೇಕಿಲ್ಲ ಎನ್ನಬಹುದು, ಆದರೆ ಮದುವೆಯೇ ಇರಲಿಲ್ಲವೆಂದಾದರೆ ಜೀವನಾಂಶವನ್ನು ಯಾವ ನೆಲೆಯಲ್ಲಿ ಕೇಳುವುದು ಎಂಬ ತೊಡಕು ಅದರ ಬೆನ್ನಿಗೇ ಬರುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ, ನ್ಯಾಯಾಲಯ ರದ್ದುಪಡಿಸಿದ ಮದುವೆಯಲ್ಲಿ ಹುಡುಗಿಗೆ ಮರುಮದುವೆಯವರೆಗೆ ಜೀವನಾಂಶವನ್ನೂ ವಾಸದ ಏರ್ಪಾಡನ್ನೂ ಕೊಡಿಸುತ್ತದೆ, ಮಗುವನ್ನು ಔರಸ, ಅಂದರೆ ಕಾನೂನುಬದ್ಧ ಸಂತಾನವೆಂದೇ ಮನ್ನಿಸುತ್ತದೆ. ಮದುವೆಯೇ ಆಗದೆ ತಾಯಿಯಾದವಳ ವಿಷಯದಲ್ಲಿ, ತಂದೆಯ ಹೆಸರು ಹೇಳದೆಯೂ ತಾಯಿ ಮಗುವಿನ ಪೋಷಕಳಾಗಬಹುದೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ.

ಮರುಮದುವೆ ಕನ್ನಡ ನಾಡಿಗೆ ಹೊಸದಲ್ಲ. ಮೇಲ್ಜಾತಿಗಳು ವಿಧವೆಯರ ಮದುವೆಯನ್ನು ನಿಷೇಧಿಸಿದ್ದ ಕಾಲದಲ್ಲೂ ಅನೇಕ ಸಮುದಾಯಗಳಲ್ಲಿ ಕೂಡಿಕೆ, ಉಡಿಕೆ, ಸೀರುಡಿಕೆ ಎಂಬ ಪದ್ಧತಿಗಳಿದ್ದವು, ಎಂ.ಎನ್. ಶ್ರೀನಿವಾಸರು 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬದ ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಇವುಗಳ ವಿವರವಿದೆ. ಧಾರೆಯ ವೈಭವವಿಲ್ಲದೆ, ಹೊಸ ಸೀರೆ ಕೊಟ್ಟು ತಾಳಿ ಕಟ್ಟಿ ಮುಗಿಸುವ ಈ ಪದ್ಧತಿ ಗಂಡ ಸತ್ತವಳಿಗೂ ಬಿಟ್ಟವಳಿಗೂ ಮತ್ತೊಂದು ಸಂಸಾರ ಕೊಟ್ಟಿತು, ಆದರೆ ಕೂಡಿಕೆಯಾದವಳು ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವಂತಿರಲಿಲ್ಲ. ಇಂದು ನಗರದಲ್ಲಿ ನಡೆಯುವ ಎರಡನೆಯ ಸಂಬಂಧಗಳಿಗೆ ಈ ಅರೆಮನ್ನಣೆಯೂ ಇರುವುದಿಲ್ಲ. ಕಟ್ಟಡದ ಕೆಲಸದ ಜಾಗದಲ್ಲಿ, ಕಾರ್ಖಾನೆಯ ಲೈನಿನಲ್ಲಿ ಪರಿಚಯವಾದ ಗಂಡಸಿಗೆ ಊರಿನಲ್ಲಿ ಮೊದಲ ಹೆಂಡತಿ ಇರುವುದು ಎಷ್ಟೋ ಸಲ ತಡವಾಗಿ ತಿಳಿಯುತ್ತದೆ, ಆಗ ಅವಳಿಗೆ ಕಾನೂನಿನ ಹೆಂಡತಿಯ ಹಕ್ಕೂ ಇಲ್ಲ, ಹಿಂದಿನ ಕೂಡಿಕೆಯ ಪಂಚಾಯಿತಿಯ ಆಸರೆಯೂ ಇಲ್ಲ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಹಿಂಜರಿಯುವ ಮಾಲೀಕರ ಎದುರು, ಸಂಜೆ ಪಾಳಿ ಮುಗಿಸಿ ಬರುವ ದಾರಿಯಲ್ಲಿ ಒಬ್ಬ ಗಂಡಸು ಜೊತೆಗಿರುವುದೇ ರಕ್ಷಣೆ ಎಂಬ ಲೆಕ್ಕಾಚಾರ ಇಂಥ ಸಂಬಂಧಗಳ ಹಿಂದೆ ಪ್ರೀತಿಯಷ್ಟೇ ಕೆಲಸ ಮಾಡುತ್ತದೆ. ಅವಳನ್ನು ಹೀಗಳೆಯುವ ವಠಾರವೇ ಅವಳನ್ನು ಆ ಲೆಕ್ಕಾಚಾರಕ್ಕೆ ದೂಡಿರುತ್ತದೆ.

ಗೌರವದಿಂದ ಮದುವೆಯಾಗಲು ಮುಂದೆ ಬಂದ ಗಂಡಸೂ ಎರಡು ಪ್ರಶ್ನೆ ಕೇಳುತ್ತಾನೆ: ಮಕ್ಕಳನ್ನು ಎಲ್ಲಿ ಬಿಡುತ್ತೀಯ, ಆಪರೇಷನ್ ಆಗಿದೆಯೇ. ಮೊದಲನೆಯದಕ್ಕೆ ಉತ್ತರ ತವರಿನ ಕೈಯಲ್ಲಿ. ಎರಡನೆಯದಕ್ಕೆ ಉತ್ತರ ಇಪ್ಪತ್ಮೂರನೆಯ ವಯಸ್ಸಿನಲ್ಲೇ ಬರೆದುಹೋಗಿದೆ. ಕಟ್ಟಿದ ನಾಳವನ್ನು ಮರಳಿ ಜೋಡಿಸುವ ಶಸ್ತ್ರಚಿಕಿತ್ಸೆ ಇದೆಯಾದರೂ ಅದು ಫಲ ಕೊಟ್ಟೇ ತೀರುತ್ತದೆಂಬ ಖಾತರಿಯಿಲ್ಲ. ತನ್ನ ಮಗು ಬೇಕೆನ್ನುವ ಗಂಡಸು ಹಿಂದೆ ಸರಿಯುತ್ತಾನೆ. ಸರಿಯದೆ ಮದುವೆಯಾದವನು ಮುಂದೊಂದು ದಿನ ಅದನ್ನೇ ಎತ್ತಿ ಆಡುತ್ತಾನೆ. ಮೂವತ್ತು ತುಂಬದ ಹೆಂಗಸೊಬ್ಬಳು ಇನ್ನು ಮದುವೆಯ ಗೊಡವೆಯೇ ಬೇಡವೆಂದು ನಿರ್ಧರಿಸಿದರೆ, ಆ ನಿರ್ಧಾರವನ್ನು ಸೋಲೆಂದು ಕಾಣಬೇಕಿಲ್ಲ. ತನ್ನ ಬದುಕಿನಲ್ಲಿ ಅವಳು ತಾನೇ ತೆಗೆದುಕೊಂಡ ಮೊದಲ ನಿರ್ಧಾರ ಅದಾಗಿರುವುದೂ ಉಂಟು.

ವಯಸ್ಸೊಂದೇ ಕಾರಣವೇ

ಇಷ್ಟೆಲ್ಲ ಕಷ್ಟಕ್ಕೆ ಎಳೆಯ ವಯಸ್ಸಿನ ಹೆರಿಗೆಯೇ ಕಾರಣವೋ, ಆ ಹೆರಿಗೆಗೂ ಮೊದಲೇ ಇದ್ದ ಬಡತನ ಕಾರಣವೋ ಎಂಬ ಪ್ರಶ್ನೆಯನ್ನು ಸಂಶೋಧಕರು ಗಂಭೀರವಾಗಿ ಕೇಳಿದ್ದಾರೆ. ಆರ್ಲಿನ್ ಜೆರೊನಿಮಸ್ ಮತ್ತು ಸ್ಯಾಂಡರ್ಸ್ ಕೋರೆನ್‌ಮನ್ 1992ರಲ್ಲಿ ಅಮೆರಿಕದ ಅಕ್ಕತಂಗಿಯರನ್ನು, ಅಂದರೆ ಒಂದೇ ಮನೆಯಲ್ಲಿ ಬೆಳೆದು ಒಬ್ಬಳು ಹದಿಹರೆಯದಲ್ಲಿ, ಇನ್ನೊಬ್ಬಳು ತಡವಾಗಿ ತಾಯಿಯಾದವರನ್ನು ಹೋಲಿಸಿ ನೋಡಿದಾಗ, ಎಳೆಯ ತಾಯ್ತನದ ಆರ್ಥಿಕ ದುಷ್ಪರಿಣಾಮ ಹಿಂದೆ ಅಂದಾಜಿಸಿದ್ದಕ್ಕಿಂತ ಬಹಳ ಕಡಿಮೆಯೆಂದು ಕಂಡುಬಂತು. ಸಮಾಜಶಾಸ್ತ್ರಜ್ಞ ಫ್ರಾಂಕ್ ಫರ್ಸ್ಟೆನ್‌ಬರ್ಗ್ ಬಾಲ್ಟಿಮೋರ್ ನಗರದಲ್ಲಿ 1960ರ ದಶಕದಲ್ಲಿ ಸುಮಾರು ನಾನೂರು ಹದಿಹರೆಯದ ಬಸುರಿಯರನ್ನು, ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು, ಗುರುತಿಸಿ ದಶಕಗಳ ಕಾಲ ಹಿಂಬಾಲಿಸಿದರು. 1987ರಲ್ಲಿ ಸಂಗಡಿಗರೊಡನೆ ಅವರು ಪ್ರಕಟಿಸಿದ ಪುಸ್ತಕದ ಪ್ರಕಾರ, ಮಗುವಾಯಿತೆಂದು ಅವಸರದಲ್ಲಿ ಮಾಡಿದ ಮದುವೆಗಳಲ್ಲಿ ಹೆಚ್ಚಿನವು ಮುರಿದಿದ್ದವು. ಹಾಗಿದ್ದೂ ಮೂವತ್ತರ ಹೊತ್ತಿಗೆ ಬಹುಪಾಲು ಹೆಂಗಸರು ಬಿಟ್ಟ ಓದನ್ನು ಮುಗಿಸಿ, ಕೆಲಸ ಹಿಡಿದು ಚೇತರಿಸಿಕೊಂಡಿದ್ದರು. ಮತ್ತೆ ಶಾಲೆಗೆ ಹೋದದ್ದು, ಎರಡನೆಯ ಮಗುವನ್ನು ಮುಂದೂಡಿದ್ದು ಅವರನ್ನು ಉಳಿದವರಿಂದ ಬೇರೆ ಮಾಡಿತ್ತು. ಅವರ ಹೆಣ್ಣುಮಕ್ಕಳಲ್ಲೂ ಹೆಚ್ಚಿನವರು ತಾಯಿಯ ಹಾದಿ ಹಿಡಿದಿರಲಿಲ್ಲ.

ಬಾಲ್ಟಿಮೋರಿನ ಪಾಠವನ್ನು ಜಕ್ಕೂರಿಗೆ ಹಾಗೆಯೇ ತಂದು ಅಂಟಿಸಲಾಗದು, ಅಲ್ಲಿ ಮದುವೆಗೆ ಮುಂಚೆ ಮಗು, ಇಲ್ಲಿ ಬಹುಮಟ್ಟಿಗೆ ಮದುವೆಯ ಬೆನ್ನಿಗೇ ಮಗು. ಆದರೂ ಅಲ್ಲಿ ಚೇತರಿಕೆಗೆ ಕಾರಣವಾದ ಎರಡು ಸಂಗತಿಗಳು, ಮತ್ತೆ ಓದು ಮತ್ತು ಎರಡನೆಯ ಮಗುವಿನ ಮುಂದೂಡಿಕೆ, ಇಲ್ಲಿಯೂ ಕೈಗೆಟುಕುವಂಥವೇ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಕಾಪರ್-ಟಿ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರ ಚುಚ್ಚುಮದ್ದು, ಛಾಯಾ ಗುಳಿಗೆ ಇವೆಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮೂವತ್ತಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಕಡ್ಡಾಯವೆಂದು 1948ರ ಕಾರ್ಖಾನೆ ಕಾಯಿದೆಯೇ ಹೇಳಿತ್ತು. ಅದು ನಿಜವಾಗಿ ನಡೆಯುವ ಕಡೆ ಮಗು ಅಜ್ಜಿಯ ಪಾಲಾಗದೆ ತಾಯಿಯ ಜೊತೆಗೇ ಬೆಳೆಯಬಹುದು.

ಇವುಗಳನ್ನು ಅವಳಿಗೆ ಹೇಳುವವರು ಯಾರು ಎಂಬುದೇ ಉಳಿದಿರುವ ಪ್ರಶ್ನೆ. ಹೆರಿಗೆಯ ನಂತರದ 42 ದಿನಗಳ ಬಾಣಂತಿ ಆರೈಕೆ ಮುಗಿಯುತ್ತಲೇ ಆರೋಗ್ಯ ವ್ಯವಸ್ಥೆಯ ಗಮನ ಮಗುವಿನ ಲಸಿಕೆಯ ಕಡೆ ತಿರುಗುತ್ತದೆ, ತಾಯಿಯ ಮಾತು ಮತ್ತೆ ಬರುವುದು ಅವಳು ಮುಂದಿನ ಸಲ ಬಸುರಿಯಾದಾಗ ಇಲ್ಲವೇ ಆಪರೇಷನ್‌ಗೆ ಬಂದಾಗ. ನಡುವಿನ ವರ್ಷಗಳಲ್ಲಿ ಅವಳು ತಪ್ಪದೆ ಕಾಲಿಡುವ ಸರ್ಕಾರದ ಜಾಗವೆಂದರೆ ಅಂಗನವಾಡಿ: ಮಗುವಿಗೆ ಆರು ತಿಂಗಳಾದಾಗಿನಿಂದ ಪೌಷ್ಟಿಕ ಆಹಾರಕ್ಕೆ, ಮೂರು ವರ್ಷವಾದ ಮೇಲೆ ಮಗುವನ್ನು ಬಿಡಲು ಮತ್ತು ಕರೆತರಲು. ಅಂದರೆ ಅಂಗನವಾಡಿ ಕಾರ್ಯಕರ್ತೆ ಅವಳನ್ನು ಹದಿನಾರರಿಂದ ಇಪ್ಪತ್ತೆರಡರವರೆಗೆ ಬಲ್ಲವರು. ಇದೇ ಅವಧಿಯಲ್ಲಿ ಎರಡನೆಯ ಬಸಿರು ಬರುತ್ತದೆ, ಮೊದಲ ಹೊಡೆತ ಬೀಳುತ್ತದೆ, ಆಪರೇಷನ್ನಿನ ಮಾತು ಏಳುತ್ತದೆ. ಹೊರರಾಜ್ಯದಲ್ಲಿ ಮದುವೆಯಾಗಿ ಬಂದವಳು ಆ ಬಾಲ್ಯವಿವಾಹವನ್ನು ರದ್ದುಪಡಿಸುವಂತೆ ಕೋರಲು 2006ರ ಕಾಯಿದೆ ಕೊಟ್ಟಿರುವ ಗಡುವು, ಅಂದರೆ ಇಪ್ಪತ್ತು ವರ್ಷ ತುಂಬುವ ದಿನವೂ ಇದೇ ಅವಧಿಯಲ್ಲಿ ದಾಟಿಹೋಗುತ್ತದೆ, ಅಂಥದೊಂದು ಗಡುವು ಇತ್ತೆಂದು ಅವಳಿಗೆ ತಿಳಿದೂ ಇರುವುದಿಲ್ಲ. ಥಣಿಸಂದ್ರದ, ಜಕ್ಕೂರಿನ, ಯಲಹಂಕದ ಅಂಗನವಾಡಿಗಳಲ್ಲಿ ಮಗುವಿನ ತೂಕ ನೋಡುವ ದಿನ ತಾಯಿಯನ್ನೂ ಹತ್ತು ನಿಮಿಷ ಕೂರಿಸಿಕೊಂಡು, ಓದು ಎಲ್ಲಿಗೆ ನಿಂತಿತು, ಮನೆಯಲ್ಲಿ ಹೇಗಿದ್ದೀಯ, ಇನ್ನೊಂದು ಮಗು ಈಗಲೇ ಬೇಕೇ ಎಂದು ಕೇಳಿ, ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಅವಳ ಮೊಬೈಲಿನಲ್ಲಿ ಉಳಿಸಿಕೊಡುವಷ್ಟು ಬಿಡುವನ್ನು ಇಲಾಖೆ ಕಾರ್ಯಕರ್ತೆಗೆ ಕೊಡಬೇಕು, ಆ ಹತ್ತು ನಿಮಿಷವನ್ನು ಅವರ ಕೆಲಸದ ಭಾಗವೆಂದು ಲೆಕ್ಕಕ್ಕೆ ಹಿಡಿದು ಸಂಬಳವನ್ನೂ ಕೊಡಬೇಕು.